ಎರಡನೇ ಕಿಡಿ ಮುಚ್ಚಿಡುವ ದೋಷ

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶುರುವಾಯಿತು. ಆಮೇಲೆ ಅಲ್ಲಿಗೆ ಪೈಲಟ್ ತರಬೇತಿಯೂ ಬಂತು. ತರಬೇತಿಯ ಸಣ್ಣ ವಿಮಾನಗಳ ಪೆಟ್ರೋಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಸಿಲಿಂಡರ್‌ಗೂ ಎರಡು ಸ್ಪಾರ್ಕ್ ಪ್ಲಗ್ ಇರುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು ಇಂಧನವನ್ನು ಹೊತ್ತಿಸುತ್ತದೆ. ಜೀವ ಕಾಯುವ ಈ ಏರ್ಪಾಡೇ ದೋಷವನ್ನು ಮುಚ್ಚಿಯೂ ಇಡುತ್ತದೆ. ಎಂಜಿನ್ ಓಡುತ್ತಲೇ ಇರುವುದರಿಂದ ಪ್ಲಗ್ ಸತ್ತದ್ದು ಪೈಲಟ್‌ಗೆ ತಿಳಿಯದೇ ಹೋಗಬಹುದು. ಆದ್ದರಿಂದ, ಕಿವಿ ಹಿಡಿಯಲಾರದ ದೋಷವನ್ನು ಹಿಡಿಯುವ ಸಲಕರಣೆ ಇಲ್ಲಿ ಅಗತ್ಯವೇ ಹೊರತು ಶೋಕಿಯಲ್ಲ.

ಇದರ ಹಿಂದೆ ಶತಮಾನದ ಕಥೆಯಿದೆ. 1902ರಲ್ಲಿ ಜರ್ಮನಿಯ ಬಾಷ್ ಕಂಪನಿ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ತಯಾರಿಸಿತು. ಬ್ಯಾಟರಿ ಇಲ್ಲದೆಯೇ ಕಿಡಿ ಹೊತ್ತಿಸುವ ಸಾಧನವಾದ್ದರಿಂದ ವಿಮಾನಗಳಿಗೆ ಅದು ಒಗ್ಗಿತು. ಟೇಕಾಫ್‌ಗೆ ಮುಂಚೆ ಎಂಜಿನ್‌ನ ಎರಡು ಮ್ಯಾಗ್ನೆಟೊಗಳಲ್ಲಿ ಒಂದೊಂದನ್ನೇ ಆಫ್ ಮಾಡಿ, ಎಂಜಿನ್ ವೇಗ ಎಷ್ಟು ಇಳಿಯಿತೆಂದು ನೋಡುವ ಪರೀಕ್ಷೆ ಇಂದಿಗೂ ಉಂಟು. ಆದರೆ ಅದು ಹೇಳುವುದು ನೆಲದ ಮೇಲಿನ ಆ ಕ್ಷಣದ ಸ್ಥಿತಿಯನ್ನಷ್ಟೇ. ಏರ್ ಇಂಡಿಯಾ 1954ರಿಂದ ಹಾರಿಸಿದ ಸೂಪರ್ ಕಾನ್‌ಸ್ಟೆಲೇಷನ್ ವಿಮಾನಕ್ಕೆ ನಾಲ್ಕು ಎಂಜಿನ್, ಒಂದೊಂದಕ್ಕೆ 18 ಸಿಲಿಂಡರ್, ಒಟ್ಟು 144 ಪ್ಲಗ್. ಇಷ್ಟರಲ್ಲಿ ಕೆಟ್ಟದ್ದನ್ನು ಹುಡುಕುವುದು ಹೇಗೆ? ಆ ಕಾಲದ ದೊಡ್ಡ ವಿಮಾನಗಳಿಗಾಗಿ ಬಂದ ಎಂಜಿನ್ ಅನಲೈಸರ್, ಪ್ರತಿ ಕಿಡಿಯ ವಿದ್ಯುತ್ ಅಲೆಯನ್ನು ಪರದೆಯ ಮೇಲೆ ತೋರಿಸಿತು. ಮುಂದೆ ಸಣ್ಣ ವಿಮಾನಗಳಿಗೆ ಸಿಲಿಂಡರ್‌ವಾರು ಉಷ್ಣತೆ ಅಳೆಯುವ, ಅದನ್ನು ದಾಖಲಿಸುವ ಮಾನಿಟರ್‌ಗಳು ಬಂದವು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ತರಬೇತಿ ವಿಮಾನ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಮೊದಲು ಹಾರಿತು. ಅದರ ರೋಟಾಕ್ಸ್ ಎಂಜಿನ್‌ನಲ್ಲಿ ಕಿಡಿಯನ್ನೂ ಇಂಧನವನ್ನೂ ನಿಯಂತ್ರಿಸುವ ಕಂಪ್ಯೂಟರೇ ತನ್ನ ದೋಷಗಳನ್ನು ಗುರುತಿಸಿ ಎಚ್ಚರಿಸುತ್ತದೆ.

‘ಸೆನ್ಸರ್ ಕೆಟ್ಟು ಸುಳ್ಳು ಹೇಳಿದರೆ?’ ಎಂಬ ಆಕ್ಷೇಪ ನ್ಯಾಯವಾದದ್ದೇ. ಉತ್ತರ ಎಂಜಿನ್ ಒಳಗೇ ಇದೆ. ಒಂದು ಪ್ಲಗ್ ಸತ್ತಾಗ ಇಂಧನ ನಿಧಾನವಾಗಿ ಉರಿಯುತ್ತದೆ. ಹೊರಹೋಗುವ ಹೊಗೆಯ ಬಿಸಿ ಏರುತ್ತದೆ, ಅದೇ ಸಿಲಿಂಡರಿನ ತಲೆಯ ಬಿಸಿ ತುಸು ಇಳಿಯುತ್ತದೆ. ಎರಡು ಬೇರೆ ಸೆನ್ಸರ್‌ಗಳು ಒಂದೇ ಸಾಕ್ಷಿ ನುಡಿದರೆ ದೋಷ ಕಿಡಿಯದೆಂಬ ಅನುಮಾನ ಗಟ್ಟಿಯಾಗುತ್ತದೆ. ಒಂದು ಮಾತ್ರ ಅಡ್ಡಾದಿಡ್ಡಿ ಓಡಿದರೆ ಮೊದಲು ಆ ಸೆನ್ಸರನ್ನೇ ನೋಡಬೇಕು. ‘ಕರೆಂಟ್ ಹೋದರೆ?’ ಎಂಬುದು ಇನ್ನೊಂದು ಪ್ರಶ್ನೆ. ಮ್ಯಾಗ್ನೆಟೊ ಇರುವ ವಿಮಾನದಲ್ಲಿ ಮಾನಿಟರ್ ಆರಿದರೂ ಕಿಡಿ ಆರದು. ಹೊಸ ಪೈಲಟ್ ಪರದೆಯಲ್ಲೇ ಮುಳುಗಿಬಿಡುವ ಅಪಾಯ ಮಾತ್ರ ನಿಜ. ಅದಕ್ಕೇ ಮಾನಿಟರ್‌ನ ದಾಖಲೆಯನ್ನು ಓದುವ ಹೊಣೆ ನೆಲದ ಮೇಲಿನ ತಂತ್ರಜ್ಞರಿಗೆ ಸೇರಬೇಕು. ದಿನವೂ ಹಲವು ಕೈಗಳು ನಡೆಸುವ ತರಬೇತಿ ವಿಮಾನದಲ್ಲಿ ನಿಧಾನವಾಗಿ ಬೆಳೆಯುವ ದೋಷ ಯಾವ ಒಬ್ಬ ಪೈಲಟ್‌ನ ಗಮನಕ್ಕೂ ಪೂರ್ತಿ ಬರುವುದಿಲ್ಲ. ಹಾರಾಟಗಳ ದಾಖಲೆಯನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಬರುತ್ತದೆ. ಮಾನಿಟರ್ ಕೊಂಡರೆ ಅರ್ಧ ಕೆಲಸ ಮುಗಿಯಿತು, ಆ ಓದು ರೂಢಿಯಾದಾಗಲೇ ಉಳಿದರ್ಧ.