ಪತ್ರಾಸಿನ ಮೇಲಿನ ಕಲ್ಲು



ರಾಣೆಬೆನ್ನೂರಿನಿಂದ ಹಾವೇರಿಗೋ ಬ್ಯಾಡಗಿಗೋ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತಾಗ ದಾರಿಯ ಮನೆಗಳ ಚಾವಣಿಯನ್ನೊಮ್ಮೆ ಗಮನಿಸಿರಿ. ಅನೇಕ ಮನೆಗಳಿಗೆ ತಗಡಿನ ಹೊದಿಕೆ. ನಮ್ಮ ಕಡೆ ಅದನ್ನು ಪತ್ರಾಸ್ ಎನ್ನುತ್ತಾರೆ. ಆ ಪತ್ರಾಸಿನ ಮೇಲೆ ಸಾಲಾಗಿ ಇಟ್ಟ ಕಲ್ಲುಗಳು, ಮರಳಿನ ಚೀಲಗಳು, ಹಳೆಯ ಟೈರುಗಳು. ಇವೇಕೆ ಎಂದು ಕೇಳಿದರೆ "ಗಾಳಿಗೆ ಹಾರಬಾರದಲ್ಲ" ಎಂಬ ಉತ್ತರ ಬರುತ್ತದೆ. ಈ ಉತ್ತರ ಎಷ್ಟು ಸರಿ? ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯನ್ನು ಕುರಿತದ್ದು.

ನಮ್ಮದು ಚಂಡಮಾರುತ ಬಡಿಯುವ ಕಡಲ ತೀರವಲ್ಲ, ನಿಜ. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ, ಅಂದರೆ ಹಿರಿಯರು ಹೇಳುವ ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ, ಹೊತ್ತು ಇಳಿಯುವಾಗ ಏಳುವ ಬಿರುಗಾಳಿಯನ್ನು ನೀವೆಲ್ಲ ಬಲ್ಲಿರಿ. ಇಡೀ ಹಗಲು ಕಾದ ನೆಲದ ಬಿಸಿಗಾಳಿ ಮೇಲೇರಿ ಎತ್ತರದ ಮೋಡವಾಗುತ್ತದೆ. ಮಳೆ ಸುರಿಯತೊಡಗಿದಾಗ ಮೋಡದೊಳಗಿನ ತಣ್ಣನೆಯ ಭಾರವಾದ ಗಾಳಿ ಒಮ್ಮೆಲೇ ಕೆಳಗೆ ಕುಸಿದು, ನೆಲಕ್ಕೆ ಬಡಿದು, ಸುತ್ತಲೂ ನುಗ್ಗುತ್ತದೆ. ಅದರ ಆರ್ಭಟ ಹೆಚ್ಚೆಂದರೆ ಅರ್ಧ ಗಂಟೆ. ಆದರೆ ತಗಡು ಕಿತ್ತು ಹೋಗಲು ಕೆಲವು ಸೆಕೆಂಡು ಸಾಕು.

ಅಜ್ಜನ ಕಾಲದ ಮನೆ ಹೀಗೆ ಹಾರುತ್ತಿರಲಿಲ್ಲ. ಏಕೆಂದರೆ ಅದು ಮಣ್ಣಿನ ಮಾಳಿಗೆ. ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಐನೂರು ಕಿಲೋ ಸಮೀಪ ತೂಗುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹೆಸರಾದ ಮಂಗಳೂರು ಹಂಚಿನ ಹೊದಿಕೆಯೂ ಚದರ ಮೀಟರಿಗೆ ಸುಮಾರು 40 ಕಿಲೋ. ಅರ್ಧ ಮಿಲಿಮೀಟರ್ ದಪ್ಪದ ತಗಡಾದರೋ ನಾಲ್ಕೈದು ಕಿಲೋ ಮಾತ್ರ. ತಗಡು ಅಗ್ಗ, ಸಾಗಿಸಲು ಸುಲಭ, ಸೋರುವುದಿಲ್ಲ, ಗೋಡೆಗೆ ಹೊರೆಯಾಗುವುದಿಲ್ಲ. ಲಂಡನ್ನಿನ ಹೆನ್ರಿ ಪಾಮರ್ ಎಂಬ ಎಂಜಿನಿಯರು 1829ರಲ್ಲಿ ಅಲೆಯಲೆಯಾಗಿ ಮಡಿಸಿದ ತಗಡಿಗೆ ಪೇಟೆಂಟ್ ಪಡೆದಂದಿನಿಂದ ಅದು ಜಗತ್ತೆಲ್ಲ ಹಬ್ಬಿದ್ದು ಈ ಗುಣಗಳಿಂದಲೇ. ಆದರೆ ಹಗುರವೆಂಬ ಆ ಗುಣವೇ ಗಾಳಿಯೆದುರು ದೋಷವಾಗುತ್ತದೆ.

ಈಗ ಒಂದು ಪುಟ್ಟ ಪ್ರಯೋಗ. ನೋಟ್‌ಬುಕ್ಕಿನಿಂದ ಒಂದು ಉದ್ದನೆಯ ಕಾಗದದ ಪಟ್ಟಿ ಕತ್ತರಿಸಿ, ಕೆಳತುಟಿಯ ಬಳಿ ಹಿಡಿದು, ಅದರ ಮೇಲ್ಮೈಯ ಗುಂಟ ಜೋರಾಗಿ ಊದಿರಿ. ಜೋತುಬಿದ್ದ ಕಾಗದ ಮೇಲಕ್ಕೇಳುತ್ತದೆ. ಚಾವಣಿಯ ಮೇಲೂ ಇಂಥದೇ ಒಂದು ಎಳೆತ ಉಂಟಾಗುತ್ತದೆ. ಗೋಡೆಗೆ ಬಡಿದ ಗಾಳಿ ಸೂರಿನ ಅಂಚಿನಿಂದ ಮೇಲಕ್ಕೆ ಚಿಮ್ಮಿ ಹಾದುಹೋಗುವಾಗ ತಗಡಿನ ಮೇಲ್ಭಾಗದಲ್ಲಿ ಒತ್ತಡ ಕುಸಿಯುತ್ತದೆ. ಅಂದರೆ ಗಾಳಿ ತಗಡನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಗಾಳಿ ಬರುವ ದಿಕ್ಕಿನ ಬಾಗಿಲು ತೆರೆದಿದ್ದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತುತ್ತದೆ.

ಎಷ್ಟು ಬಲದಿಂದ? ಲೆಕ್ಕ ನೀವೇ ಮಾಡಬಹುದು. ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ಬರೆದು, ವರ್ಗ ಮಾಡಿ, 0.6ರಿಂದ ಗುಣಿಸಿರಿ. ಒಂದು ಚದರ ಮೀಟರಿನ ಮೇಲಿನ ಬಲ ನ್ಯೂಟನ್ನುಗಳಲ್ಲಿ ಸುಮಾರಾಗಿ ಸಿಗುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 20 ಮೀಟರ್. ಬಲ 240 ನ್ಯೂಟನ್, ಅಂದರೆ ಸುಮಾರು 24 ಕಿಲೋ ತೂಕದಷ್ಟು. ಹತ್ತಡಿ ಉದ್ದ, ಮೂರಡಿ ಅಗಲದ ಒಂದು ತಗಡಿಗೆ ಇದು 65 ಕಿಲೋ ದಾಟುತ್ತದೆ. ತಗಡಿನ ಸ್ವಂತ ತೂಕ ಹದಿಮೂರು ಕಿಲೋ. ಒಂದೊಂದು ತಗಡಿನ ಮೇಲೆ ಹತ್ತು ಕಿಲೋದ ಐದು ಕಲ್ಲು ಹೇರಿದರೂ ಸಾಲದು! ಹಂಚಿನ ಮನೆ ಇದೇ ಗಾಳಿಗೆ ಏಕೆ ನಿಲ್ಲುತ್ತದೆಂಬುದೂ ಈಗ ತಿಳಿಯಿತಲ್ಲವೇ?

ಭಾರತೀಯ ಮಾನಕ ಬ್ಯೂರೋದ ಸಂಹಿತೆ ಕಟ್ಟಡ ತಡೆಯಬೇಕಾದ ಗಾಳಿಯ ಮೂಲವೇಗವನ್ನು ಹೇಳುತ್ತದೆ. ಚೆನ್ನೈ, ಪುರಿಗಳಿಗೆ ಸೆಕೆಂಡಿಗೆ 50 ಮೀಟರ್, ಮಂಗಳೂರಿಗೆ 39, ಬೆಂಗಳೂರು, ಮೈಸೂರುಗಳಿಗೆ 33. ದೇಶದಲ್ಲೇ ಅತಿ ಕಡಿಮೆಯಾದ ಈ 33ನ್ನೇ ಹಿಡಿದರೂ ಒಂದು ತಗಡಿನ ಮೇಲಿನ ಎಳೆತ 180 ಕಿಲೋ ಮೀರುತ್ತದೆ. ಅಷ್ಟು ಕಲ್ಲನ್ನು ಯಾರು ಹೇರಿಯಾರು? ಹೇರಿದರೆ ಕೆಳಗೆ ಮಲಗುವವರ ಗತಿಯೇನು? ತಗಡು ಎದ್ದಾಗ ಕಲ್ಲು ಎಲ್ಲಿ ಬೀಳುತ್ತದೆ ಯೋಚಿಸಿರಿ. ಬಿರುಗಾಳಿಯಿಂದ ಕಾಯಲಿ ಎಂದು ಇಟ್ಟ ಕಲ್ಲೇ ತೊಟ್ಟಿಲ ಮೇಲೆ ಬಿದ್ದೀತು.

ಹಾಗಾದರೆ ದಾರಿ? ಚಾವಣಿಯ ಮೇಲೆ ಭಾರ ಹೇರುವುದಲ್ಲ, ಚಾವಣಿಯನ್ನು ಮನೆಗೆ ಕಟ್ಟುವುದು. ತಗಡನ್ನು ಅದರ ಕೆಳಗಿನ ಪೈಪಿಗೆ, ಪೈಪನ್ನು ಗೋಡೆಗೆ, ಗೋಡೆಯನ್ನು ನೆಲಕ್ಕೆ ಬಿಗಿಯಬೇಕು. ಇದೊಂದು ಸರಪಳಿ. ಒಂದು ಕೊಂಡಿ ಸಡಿಲವಾದರೂ ಉಳಿದುದೆಲ್ಲ ವ್ಯರ್ಥ. ಬರಿಯ ಮೊಳೆ ಸಾಲದು, ಗಾಳಿ ಅಲುಗಿಸಿದಂತೆ ಅದು ಜಾರಿ ಬರುತ್ತದೆ. ಪೈಪನ್ನು ಕೆಳಗಿನಿಂದ ಅಪ್ಪಿಹಿಡಿಯುವ ಕೊಕ್ಕೆ ಬೋಲ್ಟು, ಅಗಲವಾದ ವಾಷರು ಬೇಕು. ಬೋಲ್ಟನ್ನು ತಗಡಿನ ಅಲೆಯ ಏರಿನಲ್ಲಿ ಹಾಕಿದರೆ ನೀರು ಸೋರದು. ಎಳೆತ ಹೆಚ್ಚಾಗಿರುವುದು ಅಂಚು, ಮೂಲೆ, ನೆತ್ತಿಗಳಲ್ಲಿ. ಆದ್ದರಿಂದ ಅಲ್ಲಿ ಬೋಲ್ಟುಗಳು ಒತ್ತೊತ್ತಾಗಿರಲಿ. ಗೋಡೆಯಿಂದ ಹೊರಚಾಚಿದ ಸೂರು ಒಂದೂವರೆ ಅಡಿಗೆ ಮೀರದಿರಲಿ. ಪೈಪನ್ನು ಗೋಡೆಯ ಮೇಲೆ ಸುಮ್ಮನೆ ಇಟ್ಟು ಸಿಮೆಂಟು ಮೆತ್ತುವುದೇ ಬಹಳ ಕಡೆ ನಡೆಯುವ ತಪ್ಪು. ಗೋಡೆಯೊಳಗೆ ಎರಡು ಮೂರು ಅಡಿ ಆಳಕ್ಕೆ ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಸರಳಿಗೆ ಅದನ್ನು ಬಿಗಿಯಬೇಕು. ಆಗ ಗಾಳಿ ಎತ್ತಬೇಕಾದುದು ಬರಿಯ ತಗಡನ್ನಲ್ಲ, ಗೋಡೆಯನ್ನು!

ಆಸ್ಟ್ರೇಲಿಯಾದ ಡಾರ್ವಿನ್ ನಗರ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿಯಿತು. 1974ರ ಕ್ರಿಸ್‌ಮಸ್ ಬೆಳಗಿನ ಜಾವ ಟ್ರೇಸಿ ಎಂಬ ಚಂಡಮಾರುತ ಅಲ್ಲಿನ ಬಹುಪಾಲು ಮನೆಗಳನ್ನು ಹಾಳುಗೆಡವಿತು. ಗಾಳಿಮಾಪಕ ಗಂಟೆಗೆ 217 ಕಿಲೋಮೀಟರ್ ವೇಗ ತೋರಿಸಿ ಕೆಟ್ಟುನಿಂತಿತು. ಎಂಜಿನಿಯರುಗಳು ಪರಿಶೀಲಿಸಿದಾಗ ಕಂಡುದೇನು? ಗಾಳಿ ಬಿಟ್ಟುಬಿಟ್ಟು ಎಳೆದಂತೆ ಸ್ಕ್ರೂಗಳ ಸುತ್ತ ತಗಡು ಹಿಂದೆ ಮುಂದೆ ಬಾಗಿ ಬಿರುಕುಬಿಟ್ಟಿತ್ತು. ತಂತಿಯನ್ನು ಹತ್ತಾರು ಸಲ ಮಡಿಸಿದರೆ ಮುರಿಯುವುದಿಲ್ಲವೇ, ಹಾಗೆ. ಆಮೇಲೆ ಅಲ್ಲಿ ತಗಡನ್ನೂ ಸ್ಕ್ರೂಗಳನ್ನೂ ಸಾವಿರಾರು ಸಲ ಎಳೆದು ಪರೀಕ್ಷಿಸುವ ನಿಯಮ ಬಂದಿತು. ಅಲ್ಲಿನವರು ತಗಡನ್ನು ಬಿಡಲಿಲ್ಲ, ಬಿಗಿಯುವ ಬಗೆಯನ್ನು ತಿದ್ದಿಕೊಂಡರು.

ನೀವು ಮಾಡಬಹುದಾದ ಕೆಲಸವೂ ಇದೆ. ಯುಗಾದಿಯ ರಜೆಯಲ್ಲಿ ಮನೆಯ ಹಿರಿಯರೊಡನೆ ಕೂಡಿ ಬೋಲ್ಟುಗಳನ್ನು ಎಣಿಸಿರಿ, ಸಡಿಲವಾದುದನ್ನು, ತುಕ್ಕು ತಿಂದುದನ್ನು ಗುರುತಿಸಿರಿ. ಸರಿಪಡಿಸಿದ ಮೇಲೆ ಮೇಲಿನ ಕಲ್ಲುಗಳನ್ನು ಇಳಿಸಿರಿ. ತಗಡು ಹೊತ್ತ ಪೈಪಿಗೆ ತೊಟ್ಟಿಲು ಕಟ್ಟಲು ಬಿಡಬೇಡಿರಿ. ಗಾಳಿ ಎದ್ದಾಗ ಕಿಟಕಿ ಬಾಗಿಲು ಮುಚ್ಚಿ, ಪಕ್ಕದಲ್ಲಿ ಗಟ್ಟಿ ಚಾವಣಿಯ ಕಟ್ಟಡವಿದ್ದರೆ ಮೊದಲೇ ಅಲ್ಲಿ ಸೇರಿರಿ. ಆ ಹೊತ್ತಿನಲ್ಲಿ ಯಾರೂ ಪತ್ರಾಸು ಹಿಡಿಯಲು ಮೇಲೆ ಹತ್ತದಿರಲಿ. ಹಾರಿ ಬಿದ್ದ ತಗಡಿಗೆ ವಿದ್ಯುತ್ ತಂತಿ ತಗಲಿರಬಹುದು, ಮುಟ್ಟದಿರಿ.

ಕೆಲವು ಬೋಲ್ಟು, ನಾಲ್ಕಾರು ಸರಳು, ಒಂದು ದಿನದ ಕೂಲಿ, ಇಷ್ಟರಲ್ಲಿ ಆಗುವ ಕೆಲಸವಿದು. ತಗಡು ಹಾರಿಹೋದ ಮನೆಯಲ್ಲಿ ನೆನೆದ ಜೋಳ, ನೆನೆದ ಪುಸ್ತಕಗಳ ಬೆಲೆ ಅದಕ್ಕಿಂತ ದೊಡ್ಡದು. ಜೀವಕ್ಕಂತೂ ಬೆಲೆ ಕಟ್ಟುವಂತಿಲ್ಲ. ಶಾಲೆಯಲ್ಲಿ ಕಲಿತ ಒತ್ತಡದ ಪಾಠ ನಿಮ್ಮ ಮನೆಯ ಸೂರಿನ ತನಕ ಹೋಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.