ಜೋಡಿ ಚುಕ್ಕೆಯ ರಸಾಯನಜ್ಞ

1797ರಲ್ಲಿ ಸ್ಮಿತ್ಸನ್ ಟೆನೆಂಟ್ ಎಂಬ ಇಂಗ್ಲಿಷ್ ರಸಾಯನಜ್ಞನು ವಜ್ರವನ್ನು ಸುಟ್ಟನು. ಐಶ್ವರ್ಯದ ಮದದಿಂದಲ್ಲ, ಅಷ್ಟೇ ತೂಕದ ಇದ್ದಿಲನ್ನು ಸುಟ್ಟರೆ ಎಷ್ಟು ಇಂಗಾಲಾಮ್ಲ ವಾಯು ಹೊರಡುವುದೋ ಅಷ್ಟೇ ವಜ್ರದಿಂದಲೂ ಹೊರಡುವುದೆಂದು ತೋರಿಸಿ, ರತ್ನಗಳಲ್ಲೆಲ್ಲ ಕಠಿಣವಾದ ಆ ರತ್ನವೂ ಶುದ್ಧ ಇಂಗಾಲವೇ ಎಂದು ಸಾಧಿಸುವುದಕ್ಕಾಗಿ. ಪೆನ್ಸಿಲಿನಲ್ಲಿರುವ ಗ್ರಾಫೈಟೂ ಇಂಗಾಲವೇ. ದ್ರವ್ಯವೊಂದೇ ಆಗಿರಲು ಒಂದು ಗಾಜನ್ನು ಕೊರೆಯುವುದೇಕೆ, ಇನ್ನೊಂದು ಕಾಗದದ ಮೇಲೆ ಸವೆದು ಮಸಿಯಾಗುವುದೇಕೆ? ಉತ್ತರವಿರುವುದು ಪರಮಾಣುಗಳು ಒಂದಕ್ಕೊಂದು ಕೂಡುವ ಬಗೆಯಲ್ಲಿ. ಅದೇನೆಂದು ವಿವರಿಸಲು ರಸಾಯನಜ್ಞ ಬರ್ಜೀಲಿಯಸನು ವಿದ್ಯುದಾಕರ್ಷಣೆಯ ಮಾತನಾಡಿದನು. ಇನ್ನೊಬ್ಬ ರಸಾಯನಜ್ಞ ಫ್ರಾಂಕ್ಲಂಡನು 1852ರಲ್ಲಿ ಪರಮಾಣುಗಳ ಸಂಯೋಗಸಾಮರ್ಥ್ಯಕ್ಕೆ ಮಿತಿಯುಂಟೆಂದನು. ಆ ವಾದವಿವಾದಗಳನ್ನೆಲ್ಲ ಬಿಚ್ಚಿದರೆ ನೀವು ರೇಡಿಯೋದ ಕಿವಿ ಹಿಂಡಿ ಬೇರೆ ನಿಲಯಕ್ಕೆ ಹೋದೀರಿ.

ನಾನು ನಿಲ್ಲಬಯಸುವುದು ಗಿಲ್ಬರ್ಟ್ ನ್ಯೂಟನ್ ಲೂಯಿಸ್ ಎಂಬ ಅಮೆರಿಕನ್ನನ ಬಳಿಯಲ್ಲಿ. 1902ರಲ್ಲಿ ಹಾರ್ವರ್ಡಿನಲ್ಲಿ ಆರಂಭದ ತರಗತಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದಾಗ, ಪರಮಾಣುವನ್ನು ಘನಾಕೃತಿಯಾಗಿ ಬರೆದು, ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನುಗಳನ್ನು ಕೂರಿಸಿ ನೋಡಿದ ಈತನು, ಆ ಕಲ್ಪನೆಯನ್ನು ಹದಿನಾಲ್ಕು ವರ್ಷಗಳ ಕಾಲ ಪ್ರಕಟಿಸದೆ ತನ್ನಲ್ಲಿಯೇ ಇಟ್ಟುಕೊಂಡಿದ್ದು, ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ನೆಲೆಸಿದ ಮೇಲೆ, 1916ರಲ್ಲಿ ಲೋಕದ ಮುಂದಿಟ್ಟನು. ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನುಗಳನ್ನು ತಮ್ಮಿಬ್ಬರ ಸ್ವತ್ತಾಗಿ ಇಟ್ಟುಕೊಂಡರೆ ಅದೇ ಬಂಧ! ಕಾಗದದ ಮೇಲೆ ಅದಕ್ಕೆ ಎರಡು ಚುಕ್ಕೆ ಸಾಕು. ಕ್ವಾಂಟಂ ಗಣಿತವಿನ್ನೂ ಹುಟ್ಟಿರಲಿಲ್ಲ. ಘನಾಕೃತಿಯನ್ನು ಕಾಲವು ಅಳಿಸಿತು. ಜೋಡಿ ಚುಕ್ಕೆ ಮಾತ್ರ ಉಳಿಯಿತು.

ಈ ಚುಕ್ಕೆಗಳನ್ನು ಹಿಡಿದು ಹೊರಟರೆ ವಸ್ತುಗಳ ಸ್ವಭಾವವೇ ತಿಳಿಯಾಗುತ್ತದೆ. ವಜ್ರದಲ್ಲಿ ಪ್ರತಿಯೊಂದು ಇಂಗಾಲವೂ ನಾಲ್ಕು ನೆರೆಯವರೊಡನೆ ಕೈಜೋಡಿಸಿರುವುದನ್ನು ಬ್ರ್ಯಾಗ್ ತಂದೆಮಕ್ಕಳು 1913ರಲ್ಲೇ ಕ್ಷಕಿರಣಗಳಿಂದ ಕಂಡಿದ್ದರು. ಯಾವ ದಿಕ್ಕಿನಿಂದ ಒತ್ತಿದರೂ ಅದು ಮಣಿಯದು. ಗ್ರಾಫೈಟಿನಲ್ಲಿಯಾದರೋ ಮೂವರು ನೆರೆಯವರು ಮಾತ್ರ. ಪದರದೊಳಗೆ ಬಿಗಿ, ಪದರ ಪದರಗಳ ನಡುವೆ ಸಡಿಲ. ಆದುದರಿಂದಲೇ ಅದು ಜಾರುತ್ತದೆ, ಬರೆಯುತ್ತದೆ. ಮಿಕ್ಕ ಎಲೆಕ್ಟ್ರಾನು ಪದರದಲ್ಲಿ ಅಲೆಯುವುದರಿಂದ ವಿದ್ಯುತ್ತನ್ನೂ ಒಯ್ಯುತ್ತದೆ. ಉಪ್ಪಿನಲ್ಲಿ ಹಂಚಿಕೆಯಿಲ್ಲ, ದಾನವೇ ಉಂಟು: ಸೋಡಿಯಂ ಕೊಟ್ಟದ್ದನ್ನು ಕ್ಲೋರಿನ್ ಪಡೆಯುತ್ತದೆ, ವಿರುದ್ಧ ವಿದ್ಯುದಂಶಗಳೆರಡೂ ಪರಸ್ಪರ ಸೆಳೆದುಕೊಳ್ಳುತ್ತವೆ. ಅದನ್ನು ಕರಗಿಸಲು 801 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೂ ಸುತ್ತಿಗೆಯ ಒಂದೇ ಪೆಟ್ಟಿಗೆ ಹರಳು ಸೀಳುತ್ತದೆ, ಏಕೆಂದರೆ ಪದರವೊಂದು ತುಸು ಸರಿದೊಡನೆಯೇ ಸಜಾತೀಯ ವಿದ್ಯುದಂಶಗಳು ಎದುರುಬದುರಾಗಿ ಒಂದನ್ನೊಂದು ತಳ್ಳುತ್ತವೆ. ತಾಮ್ರದಲ್ಲಿ ಎಲೆಕ್ಟ್ರಾನುಗಳು ಊರ ಕೆರೆಯ ನೀರಿನಂತೆ ಎಲ್ಲರಿಗೂ ಸೇರಿದವು. ಪರಮಾಣುಗಳು ಸ್ಥಳ ಬದಲಿಸಿದರೂ ಬಂಧ ಹರಿಯದು, ಬಡಿದರೆ ತಗಡಾಗುವುದು, ಎಳೆದರೆ ತಂತಿಯಾಗುವುದು. ಮಂಜುಗಡ್ಡೆಯನ್ನು ನೀರಿನ ಮೇಲೆ ತೇಲಿಸುವ ಜಲಜನಕ ಬಂಧದ ವಿಚಾರವನ್ನು 1920ರಲ್ಲಿ ಲ್ಯಾಟಿಮರ್ ಮತ್ತು ರೋಡ್‌ಬುಷ್ ಬರೆದುದೂ ಲೂಯಿಸನ ಬರ್ಕ್ಲಿಯಿಂದಲೇ.

ಇಷ್ಟಾದರೂ ಕೀರ್ತಿಯ ದೊಡ್ಡ ಪಾಲು ಇರ್ವಿಂಗ್ ಲ್ಯಾಂಗ್ಮ್ಯೂರ್ ಎಂಬ ಇನ್ನೊಬ್ಬ ರಸಾಯನಜ್ಞನಿಗೆ ಹೋಯಿತು. ಮಾತಿನ ಮಲ್ಲನಾದ ಆತನು 1919ರಿಂದ ಊರೂರಲ್ಲಿ ಉಪನ್ಯಾಸ ಮಾಡಿ ಲೂಯಿಸನ ಸಿದ್ಧಾಂತವನ್ನು ಹರಡಿ, ಜೋಡಿ ಎಲೆಕ್ಟ್ರಾನುಗಳ ಬಂಧಕ್ಕೆ ಕೋವೇಲೆಂಟ್ ಎಂಬ ಹೆಸರನ್ನೂ ಕೊಟ್ಟನು. ಹೆಸರಿಟ್ಟವನಿಗೆ 1932ರಲ್ಲಿ, ಬೇರೊಂದು ಕಾರ್ಯಕ್ಕಾಗಿ, ನೊಬೆಲ್ ಪಾರಿತೋಷಕ ದೊರೆಯಿತು. ಹಲವಾರು ಬಾರಿ ಸೂಚಿತನಾದರೂ ಲೂಯಿಸನಿಗೆ ಅದು ಕೊನೆಗೂ ದಕ್ಕಲಿಲ್ಲ. ಇದು ನನಗೆ ಇಂದಿಗೂ ಶುದ್ಧ ಅನ್ಯಾಯವೆಂದೇ ತೋರುತ್ತದೆ. 1946ರ ಮಾರ್ಚ್ 23ರಂದು ಆತನು ತನ್ನ ಪ್ರಯೋಗಶಾಲೆಯಲ್ಲಿಯೇ ಮೃತನಾಗಿದ್ದುದು ಕಂಡುಬಂದಿತು. ಆತನ ಬಳಿ ಕಲಿತ ಯೂರಿಗೆ 1934ರಲ್ಲಿ, ಆತನ ಸಹಾಯಕನಾಗಿ ದುಡಿದ ಸೀಬೋರ್ಗನಿಗೆ 1951ರಲ್ಲಿ ಅದೇ ಪಾರಿತೋಷಕ ಸಂದಿತು.