ಬಾಗಿಲಿಗೆ ಬಂದ ಬೆಕ್ಕು: ನಮ್ಮ ಹೊಣೆ ಎಷ್ಟು?



ದಿನವೂ ಒಂದೇ ಹೊತ್ತಿಗೆ ಹಿತ್ತಿಲ ಗೋಡೆಯ ಮೇಲೆ ಬಂದು ಕೂರುವ ಬೆಕ್ಕು ಯಾವ ಊರಿನಲ್ಲಿಲ್ಲ? ಮೊದಲ ದಿನ ಅದು ಅಡುಗೆಮನೆಯ ಕಿಟಕಿಯಿಂದ ಇಣುಕುತ್ತದೆ. ಎರಡನೆಯ ದಿನ ಹೊಸ್ತಿಲ ಬಳಿ ಕೂತು ಮಿಯಾಂವ್ ಎನ್ನುತ್ತದೆ. ಮೂರನೆಯ ದಿನ ಮನೆಯ ಕಿರಿಯರಲ್ಲಿ ಯಾರೋ ಒಬ್ಬರು ತಟ್ಟೆಯಲ್ಲಿ ಒಂದಿಷ್ಟು ಹಾಲು ಇಡುತ್ತಾರೆ. ವಾರ ಕಳೆಯುವುದರೊಳಗೆ ಮನೆಯಲ್ಲಿ ಪಕ್ಷಗಳು ಹುಟ್ಟಿಕೊಳ್ಳುತ್ತವೆ. "ಓಡ್ಸಿ ಅತ್ಲಾಗೆ ಅದನ್ನ" ಎನ್ನುತ್ತಾರೆ ಅಜ್ಜಿ. "ಪಾಪ, ಇರ್ಲಿ ಬಿಡಜ್ಜಿ" ಎನ್ನುತ್ತಾಳೆ ತಂಗಿ. "ಗೋಣಿಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟು ಬಂದರಾಯಿತು" ಎನ್ನುತ್ತಾರೆ ಅಪ್ಪ. ಬೆಕ್ಕು ಮಾತ್ರ ಮರುದಿನ ಅದೇ ಹೊತ್ತಿಗೆ ಸರಿಯಾಗಿ ಹಾಜರಾಗುತ್ತದೆ.

ಈ ಬೆಕ್ಕನ್ನು ಏನು ಮಾಡುವುದು? ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದು ಈ ಪ್ರಶ್ನೆಯನ್ನು ವಿಚಾರ ಮಾಡೋಣ. ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಒಂದು ಜೀವಿಯ ಅಳಿವು ಉಳಿವು, ಮನೆಯ ಮಕ್ಕಳ ಆರೋಗ್ಯ, ಹಿತ್ತಿಲ ಹಕ್ಕಿಗಳ ಬದುಕು, ಇವೆಲ್ಲ ಇದರೊಳಗೆ ಸೇರಿಕೊಂಡಿವೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಅನ್ನ ಹಾಕುವುದು ದಯೆಯ ಮೊದಲ ಅರ್ಧ. ಉಳಿದ ಅರ್ಧವನ್ನು ಮಾಡಲು ಮನೆ ಸಿದ್ಧವಿದೆಯೇ ಎಂದು ಕೇಳಿಕೊಂಡ ಮೇಲೆ ತಟ್ಟೆ ಇಡಬೇಕು.

ಬೆಕ್ಕು ನಮ್ಮ ಬಾಗಿಲಿಗೆ ಬರುವುದು ಹೊಸ ಸಂಗತಿಯೇನಲ್ಲ. ಮನುಷ್ಯ ಬೇಸಾಯ ಕಲಿತು ಕಾಳು ಕೂಡಿಡತೊಡಗಿದಾಗ ಇಲಿಗಳು ಬಂದವು. ಇಲಿಗಳ ಹಿಂದೆ ಕಾಡುಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿಪಂಜರವೂ ದೊರೆತಿದೆ. ಆ ಶೋಧದ ವಿವರ 2004ರಲ್ಲಿ ಪ್ರಕಟವಾಯಿತು. ನಮ್ಮಲ್ಲೂ ಕಾರಣ ಅದೇ. ನಾಗಮಂಗಲದ ಕಡೆಯ ರಾಗಿ ಕಣ, ಕೃಷ್ಣರಾಜಪೇಟೆಯ ಕಡೆಯ ಹುಲ್ಲಿನ ಮೆದೆ, ಪಾಂಡವಪುರದ ಭತ್ತ ಮತ್ತು ಕಬ್ಬಿನ ಗದ್ದೆ, ಇವೆಲ್ಲ ಇಲಿ ಹೆಗ್ಗಣಗಳಿಗೆ ಪ್ರಿಯವಾದ ತಾಣಗಳು. ಹಳ್ಳಿಯ ಮನೆಯಲ್ಲಿ ಬೆಕ್ಕು ಮುದ್ದಿನ ಪ್ರಾಣಿಯಾಗುವ ಮೊದಲು ಕೆಲಸದ ಪ್ರಾಣಿಯಾಗಿತ್ತು. ಆದ್ದರಿಂದ ಅದನ್ನು ಕೇವಲ ಕಳ್ಳ ಎಂದು ಕರೆಯುವುದು ನ್ಯಾಯವಲ್ಲ.

ಈಗ ಗೋಣಿಚೀಲದ ಮಾತಿಗೆ ಬರೋಣ. ಶ್ರೀರಂಗಪಟ್ಟಣ ಕಾವೇರಿಯ ನಡುವಣ ದ್ವೀಪ. ಸೇತುವೆ ದಾಟಿಸಿಬಿಟ್ಟರೆ ಪೀಡೆ ತೊಲಗಿತು ಎಂದು ಅಲ್ಲಿ ಯಾರಿಗಾದರೂ ಅನ್ನಿಸುವುದು ಸಹಜ. ಉಳಿದೆಡೆ ಪಕ್ಕದೂರಿನ ಸಂತೆಮಾಳವೋ ಹೆದ್ದಾರಿಯ ಅಂಚೋ ಆ ಕೆಲಸಕ್ಕೆ ಒದಗುತ್ತದೆ. ಆದರೆ ಬೆಕ್ಕು ತನ್ನ ಎಲ್ಲೆಯನ್ನು ಚೆನ್ನಾಗಿ ಬಲ್ಲ ಪ್ರಾಣಿ. ಹತ್ತಿರದಲ್ಲಿ ಬಿಟ್ಟರೆ ಎಷ್ಟೋ ಸಲ ಮರಳಿ ಬರುತ್ತದೆ. ದೂರದಲ್ಲಿ ಬಿಟ್ಟರೆ ಅನ್ನ ನೀರಿನ ನೆಲೆ ಗೊತ್ತಿಲ್ಲದೆ, ಅಲ್ಲಿನ ನಾಯಿಗಳಿಗೆ ಇಲ್ಲವೇ ವಾಹನಗಳಿಗೆ ಸಿಕ್ಕಿ ಸಾಯುವ ಸಂಭವ ಹೆಚ್ಚು. ಶ್ರೀರಂಗಪಟ್ಟಣದ ಬಳಿಯ ಬೆಂಗಳೂರು–ಮೈಸೂರು ಹೆದ್ದಾರಿಯನ್ನಾಗಲಿ, ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನ ಮೂಲಕ ಹೋಗುವ ಮಂಗಳೂರು ಹೆದ್ದಾರಿಯನ್ನಾಗಲಿ ಹೊಸದಾಗಿ ಬಂದ ಬೆಕ್ಕು ದಾಟುವುದು ಹೇಗೆ, ನೀವೇ ಯೋಚಿಸಿ.

ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಸೆಕ್ಷನ್ ಪ್ರಕಾರ, ಸಕಾರಣವಿಲ್ಲದೆ ಪ್ರಾಣಿಯೊಂದನ್ನು ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ತೊರೆದುಹೋಗುವುದು ಅಪರಾಧ. ಮೊದಲ ಅಪರಾಧಕ್ಕೆ ಅದರಲ್ಲಿ ಹೇಳಿರುವ ದಂಡ 10ರಿಂದ 50 ರೂಪಾಯಿ ಮಾತ್ರ. ಮೊತ್ತ ನೋಡಿ ನಗಬಹುದು. ಆದರೆ ವಿಷವಿಟ್ಟು ಕೊಲ್ಲುವುದು, ಅಂಗಹೀನ ಮಾಡುವುದು ನಗುವ ಮಾತಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಸೆಕ್ಷನ್ ಪ್ರಕಾರ ಅದಕ್ಕೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಜೀವಿಗಳಲ್ಲಿ ಅನುಕಂಪವಿರಬೇಕೆಂಬುದು 1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದ ಮೂಲಭೂತ ಕರ್ತವ್ಯಗಳಲ್ಲಿ ಸೇರಿದೆ. ಬೆಕ್ಕು ಕೊಂದವರು ಕಾಶಿಗೆ ಹೋಗಿ ಚಿನ್ನದ ಬೆಕ್ಕು ದಾನ ಮಾಡಬೇಕೆಂದು ಹಳಬರು ಹೇಳುತ್ತಿದ್ದರಲ್ಲ, ಆ ಮಾತಿನ ಒಳಗಿದ್ದ ಎಚ್ಚರವೂ ಇದೇ.

ಹಾಗಾದರೆ ಸುಮ್ಮನೆ ಅನ್ನ ಹಾಕುತ್ತ ಹೋದರೆ ಆಯಿತೇ? ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು. ಗರ್ಭದ ಅವಧಿ ಸುಮಾರು ಒಂಬತ್ತು ವಾರ. ವರ್ಷಕ್ಕೆ ಎರಡು ಸೂಲು, ಸೂಲಿಗೆ ನಾಲ್ಕು ಮರಿ ಎಂದಿಟ್ಟುಕೊಳ್ಳಿ. ಒಂದು ವರ್ಷಕ್ಕೆ ಎಂಟು ಮರಿಗಳಾದವು. ಅವುಗಳಲ್ಲಿ ನಾಲ್ಕು ಹೆಣ್ಣಾದರೆ, ಮುಂದಿನ ವರ್ಷ ತಾಯಿಯೂ ಸೇರಿ ಐದು ಹೆಣ್ಣು ಬೆಕ್ಕುಗಳು ನಲವತ್ತು ಮರಿ ಹಾಕುತ್ತವೆ. ಇದು ಕಾಗದದ ಮೇಲಿನ ಲೆಕ್ಕ. ನಿಜದಲ್ಲಿ ಇಷ್ಟು ಬೆಕ್ಕುಗಳು ನಮ್ಮ ಬೀದಿಯಲ್ಲಿ ಕಾಣುವುದಿಲ್ಲ. ಏಕೆ ಕಾಣುವುದಿಲ್ಲ ಎಂದರೆ ಬಹುಪಾಲು ಮರಿಗಳು ಹಸಿವಿನಿಂದ, ರೋಗದಿಂದ, ನಾಯಿಯ ಬಾಯಿಗೆ ಸಿಕ್ಕಿ, ಚಕ್ರದಡಿ ಬಿದ್ದು ಸಾಯುತ್ತವೆ. ಒಂದು ತಟ್ಟೆ ಅನ್ನ ತಾಯಿಯನ್ನು ಉಳಿಸುತ್ತದೆ. ಆದರೆ ಸಾಯಲಿರುವ ಮರಿಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಅರ್ಧ ದಯೆಯ ಫಲ ಇದು.

ಇನ್ನೊಂದು ಕಡೆಯನ್ನೂ ನೋಡಬೇಕು. ಶ್ರೀರಂಗಪಟ್ಟಣದ ಪಕ್ಕದಲ್ಲೇ ರಂಗನತಿಟ್ಟು ಇದೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಮಹಾರಾಜರು 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಿದರು; 2022ರಲ್ಲಿ ಅದು ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಅಲ್ಲಿಯ ಕೊಕ್ಕರೆಗಳು ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುತ್ತವೆ. ಸುತ್ತಲೂ ನೀರು, ನೀರಿನಲ್ಲಿ ಮೊಸಳೆ. ನಮ್ಮ ಹಿತ್ತಿಲಿನ ಗುಬ್ಬಚ್ಚಿ, ಪಿಕಳಾರ, ಓತಿಕ್ಯಾತಗಳಿಗೆ ಅಂಥ ಕಾವಲಿಲ್ಲ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಅದು ಅದರ ಹುಟ್ಟುಗುಣ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭ ಕೆಲಸ ಆರಂಭಿಸಿತು. ಜನರೊಡನೆ ಬೆಕ್ಕುಗಳೂ ಬಂದವು. ಆ ದ್ವೀಪದಲ್ಲಷ್ಟೇ ಉಳಿದಿದ್ದ, ಹಾರಲು ಬಾರದ ಪುಟ್ಟ ಹಕ್ಕಿಯೊಂದು ವಿಜ್ಞಾನಿಗಳ ಕಣ್ಣಿಗೆ ಬಿದ್ದ ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. ನಮ್ಮ ಊರುಗಳು ದ್ವೀಪದಷ್ಟು ನಾಜೂಕಲ್ಲ, ನಿಜ. ಆದರೂ ಬೆಕ್ಕುಗಳ ಸಂಖ್ಯೆ ಮಿತಿಯಲ್ಲಿರುವುದು ಹಕ್ಕಿಗಳಿಗೂ ಒಳ್ಳೆಯದು, ಬೆಕ್ಕಿಗೂ ಒಳ್ಳೆಯದು.

ಈಗ ತೀರ್ಮಾನ ಮಾಡುವ ಕ್ರಮವನ್ನು ನೋಡೋಣ.

ಮೊದಲನೆಯದು, ಗಮನಿಸುವುದು. ಒಂದು ವಾರ ನೋಡಿ. ಬೆಕ್ಕು ಬಡಕಲಾಗಿದೆಯೇ, ಮೈತುಂಬಿಕೊಂಡಿದೆಯೇ? ಗಾಯವಿದೆಯೇ? ಹೊಟ್ಟೆ ದಪ್ಪಗಾಗಿ ಮೊಲೆಗಳು ಉಬ್ಬಿವೆಯೇ? ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಿ. ನಿಮ್ಮ ಮನೆಯಲ್ಲಿ ಪುಟ್ಟಿ ಎನಿಸಿಕೊಂಡ ಬೆಕ್ಕು ಎದುರುಮನೆಯಲ್ಲಿ ಚಿನ್ನು ಆಗಿ, ಹಿಂದಿನ ಬೀದಿಯಲ್ಲಿ ಕರಿಯ ಆಗಿ ಮೂರು ಹೊತ್ತೂ ಉಣ್ಣುತ್ತಿರಬಹುದು. ಬೆಕ್ಕು ತಾನಾಗಿ ಮೈ ಸವರಿಸಿಕೊಳ್ಳುವಷ್ಟು ಸಾಧುವಾಗಿದ್ದರೆ, ಸುಲಭವಾಗಿ ಹರಿಯುವ ಕಾಗದದ ಪಟ್ಟಿಯ ಮೇಲೆ "ಇದು ನಿಮ್ಮ ಮನೆಯ ಬೆಕ್ಕೇ?" ಎಂದು ಬರೆದು ದೊಡ್ಡವರ ನೆರವಿನಿಂದ ಕೊರಳಿಗೆ ಸಡಿಲವಾಗಿ ಅಂಟಿಸಿ ಬಿಡಬಹುದು. ಉತ್ತರ ಮರುದಿನವೇ ಬಂದೀತು.

ಎರಡನೆಯದು, ಎಚ್ಚರ. ಪರಿಚಯವಿಲ್ಲದ ಬೆಕ್ಕನ್ನು ಹಿಡಿಯಲು, ಎತ್ತಿಕೊಳ್ಳಲು ಹೋಗಬೇಡಿ. ರೇಬೀಸ್ ರೋಗ ನಮ್ಮಲ್ಲಿ ಹೆಚ್ಚಾಗಿ ನಾಯಿಯಿಂದ ಬರುತ್ತದೆಯಾದರೂ ಬೆಕ್ಕಿನ ಕಡಿತದಿಂದ, ಪರಚುವಿಕೆಯಿಂದಲೂ ಬರಬಹುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ತೀರ ಅಪರೂಪ. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾರದಪುಡಿ ಯಾವುದನ್ನೂ ಮೆತ್ತಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸದೆ ಚುಚ್ಚುಮದ್ದು ಹಾಕಿಸಿಕೊಳ್ಳಿ. ಬೈಗುಳಕ್ಕೆ ಹೆದರಿ ಗಾಯವನ್ನು ಮನೆಯವರಿಂದ ಮುಚ್ಚಿಡಬೇಡಿ.

ಮೂರನೆಯದು, ಮನೆಯವರೆಲ್ಲ ಕೂತು ಮಾತನಾಡುವುದು. ಅಜ್ಜನಿಗೆ ಉಬ್ಬಸವಿದೆಯೇ? ಅಕ್ಕ ಬಸುರಿಯೇ? ಬೆಕ್ಕಿನ ಹೇಲಿನಿಂದ ಟಾಕ್ಸೋಪ್ಲಾಸ್ಮಾ ಎಂಬ ಸೋಂಕು ತಗಲಿದರೆ ಗರ್ಭದ ಶಿಶುವಿಗೆ ಅಪಾಯವಾಗಬಹುದು. ಆದ್ದರಿಂದ ಅದನ್ನು ಬಳಿಯುವ ಕೆಲಸ ಬಸುರಿಯರದಾಗಬಾರದು. ಮನೆಯಲ್ಲಿ ಕೋಳಿಮರಿಗಳಿವೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಗುಡಿಸಿ ಒರೆಸುವವರು ಯಾರು? ಮಕ್ಕಳು ದಯೆ ತೋರಿಸುತ್ತಾರೆ, ದುಡಿಮೆ ಅಮ್ಮನ ಪಾಲಿಗೆ ಬೀಳುತ್ತದೆ. ಅಮ್ಮನನ್ನು ಕೇಳದೆ ಮಾಡಿದ ತೀರ್ಮಾನ ಹೆಚ್ಚು ದಿನ ನಿಲ್ಲುವುದಿಲ್ಲ.

ನಾಲ್ಕನೆಯದು, ದಾರಿಯನ್ನು ಆರಿಸಿಕೊಳ್ಳುವುದು. ಮೂರು ದಾರಿಗಳಿವೆ. ಮನೆಯ ಬೆಕ್ಕಾಗಿ ಸಾಕಬಹುದು. ಒಳಗೆ ಬಿಟ್ಟುಕೊಳ್ಳದೆ ಹಿತ್ತಿಲ ಬೆಕ್ಕಾಗಿ ನೋಡಿಕೊಳ್ಳಬಹುದು. ಎರಡೂ ಆಗದಿದ್ದರೆ ಬೇಡ ಎನ್ನಬಹುದು. ಮೊದಲ ಎರಡು ದಾರಿಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಅನ್ನದಷ್ಟೇ ಅಗತ್ಯ. ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಹಸು, ಎಮ್ಮೆ, ಕುರಿಗಳ ಕೆಲಸವೇ ಹೆಚ್ಚು. ಬೆಕ್ಕಿನ ಶಸ್ತ್ರಚಿಕಿತ್ಸೆ ಅಲ್ಲೇ ಆಗುತ್ತದೆಯೇ ಅಥವಾ ಮಂಡ್ಯ, ಮೈಸೂರಿಗೆ ಕರೆದೊಯ್ಯಬೇಕೇ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಖರ್ಚು ಒಂದು ಮನೆಗೆ ಭಾರವಾದರೆ, ಅನ್ನ ಹಾಕುವ ಮೂರು ಮನೆಯವರೂ ಹಂಚಿಕೊಳ್ಳಬಹುದು. ಹೆಸರು ಮೂರಾದರೂ ಬೆಕ್ಕು ಒಂದೇ ತಾನೇ?

ಬೇಡ ಎನ್ನುವುದು ಪಾಪವೇನಲ್ಲ. ಅದಕ್ಕೂ ಒಂದು ರೀತಿಯಿದೆ. ಅಡುಗೆಮನೆಯ ಕಿಟಕಿಗೆ ಬಲೆ ಹಾಕಿಸಿ, ಹಾಲಿನ ಪಾತ್ರೆಯನ್ನು ಭದ್ರವಾಗಿ ಮುಚ್ಚಿಡಿ, ಎಂಜಲನ್ನು ಹಿತ್ತಿಲಿಗೆ ಎಸೆಯಬೇಡಿ, ಯಾರೂ ಕದ್ದು ಅನ್ನ ಹಾಕಬೇಡಿ. ಹೀಗೆ ಕೆಲವು ವಾರ ನಡೆದುಕೊಂಡರೆ ಬೆಕ್ಕು ತಾನಾಗಿ ಬೇರೆ ಕಡೆ ನೋಡಿಕೊಳ್ಳುತ್ತದೆ. ಕಲ್ಲು, ಕೋಲು, ಬಿಸಿನೀರು ಬೇಕಿಲ್ಲ. ಆದರೆ ತಿಂಗಳುಗಟ್ಟಲೆ ಅನ್ನ ಹಾಕಿ ರೂಢಿ ಮಾಡಿಸಿದ ಮೇಲೆ ಒಂದು ಬೆಳಿಗ್ಗೆ ಬಾಗಿಲು ಹಾಕಿಕೊಳ್ಳುವುದು ಸರಿಯಲ್ಲ. ಅಂಥ ಬೆಕ್ಕಿಗೆ ಬೇರೊಂದು ಮನೆಯನ್ನು ಹುಡುಕಿಕೊಟ್ಟು ನಿಲ್ಲಿಸಬೇಕು.

ಸಾಕುವವರಿಗೆ ಆಹಾರದ ಬಗ್ಗೆ ಎರಡು ಮಾತು. ಬೆಕ್ಕು ಎಂದರೆ ಹಾಲು ಎಂದು ನಾವು ತಿಳಿದಿದ್ದೇವೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ. ಕುಡಿಯಲು ನೀರೇ ಸಾಕು. ಬೆಕ್ಕು ಮಾಂಸಾಹಾರಿ, ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಮೀನು, ಮಾಂಸಗಳಿಂದ ದೊರೆಯಬೇಕು. ಅದು ಸಾಲದಾದರೆ ಕಣ್ಣು, ಹೃದಯಗಳು ಕೆಡುತ್ತವೆ. ಸಸ್ಯಾಹಾರಿ ಮನೆಗಳವರು ಬರಿಯ ಮೊಸರನ್ನದಿಂದ ಬೆಕ್ಕನ್ನು ಸಾಕಬಲ್ಲೆವೆಂದು ಭಾವಿಸಬಾರದು. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವನ್ನಾದರೂ ಮನೆಗೆ ತರಲು ಒಪ್ಪಿಗೆಯಿದೆಯೇ ಎಂದು ಮೊದಲೇ ಯೋಚಿಸಬೇಕು. ನಮ್ಮ ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಇಲಿಪಾಷಾಣ ತಿಂದ ಇಲಿಯನ್ನು ತಿಂದರೂ ಬೆಕ್ಕು ಸಾಯಬಹುದು. ಬೆಕ್ಕಿರುವ ಮನೆಯಲ್ಲಿ ಇಲಿಪಾಷಾಣ ಇಡಬಾರದು.

ಕೊನೆಗೆ ಮರಿಗಳ ವಿಚಾರ. ರಾಮಾನುಜಾಚಾರ್ಯರು ನೆಲೆಸಿದ್ದ ಮೇಲುಕೋಟೆ ಪಾಂಡವಪುರ ತಾಲ್ಲೂಕಿನಲ್ಲಿದೆ. ಅವರ ನಂತರದ ಶ್ರೀವೈಷ್ಣವ ಪರಂಪರೆಯಲ್ಲಿ ಎರಡು ಪ್ರಸಿದ್ಧ ಹೋಲಿಕೆಗಳು ಬೆಳೆದುಬಂದವು. ಕೋತಿಯ ಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದು ಮರ್ಕಟಕಿಶೋರ ನ್ಯಾಯ. ಬೆಕ್ಕಿನ ಮರಿ ಸುಮ್ಮನಿರುತ್ತದೆ, ತಾಯಿಯೇ ಕತ್ತಿನ ಚರ್ಮ ಕಚ್ಚಿ ಎತ್ತೊಯ್ಯುತ್ತದೆ. ಅದು ಮಾರ್ಜಾಲಕಿಶೋರ ನ್ಯಾಯ. ಭಗವಂತನ ಕೃಪೆಯ ಬಗ್ಗೆ ಹೇಳಿದ ಮಾತದು. ಆದರೆ ಅದರ ಹಿಂದೆ ಬೆಕ್ಕನ್ನು ಹತ್ತಿರದಿಂದ ನೋಡಿದ ಕಣ್ಣುಗಳಿವೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ನಮ್ಮ ಹಳ್ಳಿಗರೂ ಹೇಳುತ್ತಾರೆ. ಹೀಗಾಗಿ ಅಟ್ಟದ ಮೇಲೋ ಹುಲ್ಲಿನ ಮೆದೆಯ ಸಂದಿಯಲ್ಲೋ ಕಣ್ಣು ಬಿಡದ ಮರಿಗಳು ಕಂಡರೆ ಅನಾಥವೆಂದು ಎತ್ತಿಕೊಂಡು ಬರಬೇಡಿ. ದೂರದಲ್ಲಿ ನಿಂತು ಕೆಲವು ಗಂಟೆ ಕಾಯಿರಿ. ತಾಯಿ ಬರುತ್ತದೆ. ಎರಡು ತಿಂಗಳವರೆಗೆ ಮರಿಗಳು ತಾಯಿಯೊಡನೆ ಇರಲಿ. ಆಮೇಲೆ ಮರಿಗಳಿಗೆ ಮನೆ ಹುಡುಕಿ, ತಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿ. ಹಾಲೂಡಿಸುತ್ತಿರುವಾಗಲೇ ಅದು ಮತ್ತೆ ಗರ್ಭ ಧರಿಸಬಲ್ಲದಾದ್ದರಿಂದ ತಡ ಮಾಡುವಂತಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಗೋ ಹಾಸ್ಟೆಲಿನ ಅಡುಗೆಮನೆಗೋ ಬರುತ್ತಿರುವ ಬೆಕ್ಕು ಇದ್ದರೆ ಈ ಭಾನುವಾರವೇ ಹಿರಿಯರೊಡನೆ ಕೂತು ಮಾತನಾಡಿ. ಸಾಕುತ್ತೇವೆ ಎಂದರೆ ಪಶುವೈದ್ಯರ ಬಳಿ ಹೋಗುವ ದಿನವನ್ನೂ, ಅದನ್ನು ಕರೆದೊಯ್ಯುವವರ ಹೆಸರನ್ನೂ ಗೊತ್ತುಮಾಡಿ. ಬೇಡ ಎಂದರೆ ಇಂದಿನಿಂದಲೇ ಹಾಲಿನ ಪಾತ್ರೆಗೆ ಮುಚ್ಚಳ ಹಾಕಿ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಅದನ್ನು ಕೊನೆಯವರೆಗೆ ನಡೆಸಿ. ಬೆಕ್ಕಿಗೆ ನಾವು ತೋರಬಹುದಾದ ನ್ಯಾಯ ಅದು.